ಗೇಟಿನ ಮುಂದೆ ಎರಡು ಬಾವುಟ

ರಾಜಾಜಿನಗರದ ಕಡೆಯಿಂದ ಕಾರ್ಖಾನೆಯ ಸೈರನ್ ಕೇಳಿದರೆ ಮನೆಯ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಕಾಲ ಅದು. ವಿಜಯನಗರದ ನಮ್ಮ ಬೀದಿಯಲ್ಲಿ ಯಾರ ಅಪ್ಪ ಎಲ್ಲಿ ಕೆಲಸ ಮಾಡುತ್ತಾರೆ ಎನ್ನುವುದನ್ನು ಮಕ್ಕಳಾದ ನಾವು ವಾಸನೆಯಿಂದಲೇ ಹೇಳುತ್ತಿದ್ದೆವು. ಎದುರು ಮನೆಯವರು ಸೋಪಿನ ಕಾರ್ಖಾನೆ, ಅವರು ಹಾದುಹೋದರೆ ಗಂಧ. ಮೂಲೆ ಮನೆಯವರು ಬಿಸ್ಕತ್ತು. ನನ್ನ ಅಪ್ಪ ಶಿವಣ್ಣ ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸುತ್ತಿದ್ದರು. ಅವರ ಅಂಗಿಗೆ, ಕೈಗೆ, ಊಟದ ಡಬ್ಬಿಗೆ ಕೂಡ ಲೇತಿಗೆ ಸುರಿಯುವ ಎಣ್ಣೆಯ ವಾಸನೆ. ಅಮ್ಮ ಎಷ್ಟು ಉಜ್ಜಿ ತೊಳೆದರೂ ಹೋಗುತ್ತಿರಲಿಲ್ಲ.

ನಾನು ಎಂಟನೇ ತರಗತಿಯಲ್ಲಿದ್ದ ಆ ಮಳೆಗಾಲದಲ್ಲಿ ಆ ವಾಸನೆ ಹೋಯಿತು.

ಜೂನ್ ತಿಂಗಳಲ್ಲಿ ಅಪ್ಪನ ಕಾರ್ಖಾನೆಯಲ್ಲಿ ಹನ್ನೊಂದು ಜನರನ್ನು ಕೆಲಸದಿಂದ ತೆಗೆದರು. ಅವರನ್ನು ವಾಪಸ್ ತೆಗೆದುಕೊಳ್ಳುವವರೆಗೆ ಯಾರೂ ಒಳಗೆ ಹೋಗುವುದಿಲ್ಲ ಎಂದು ಯೂನಿಯನ್ ಮುಷ್ಕರ ಹೂಡಿತು. ಅಪ್ಪ ಯೂನಿಯನ್ನಿನ ಜಂಟಿ ಕಾರ್ಯದರ್ಶಿ. ಗೇಟಿನ ಎದುರು ರಸ್ತೆಯಂಚಿಗೆ ಶಾಮಿಯಾನ ಹಾಕಿದರು. ತಗಡಿನ ಡ್ರಮ್ಮಿಗೆ ಸಿಮೆಂಟು ತುಂಬಿ, ಅದರಲ್ಲಿ ಕಬ್ಬಿಣದ ಪೈಪು ನಿಲ್ಲಿಸಿ, ಮೇಲೆ ಕೆಂಬಾವುಟ ಕಟ್ಟಿದರು. ಭಾನುವಾರ ನಾವು ಮಕ್ಕಳೂ ಅಲ್ಲಿಗೆ ಹೋಗುತ್ತಿದ್ದೆವು. ಹೆಂಗಸರು ದೊಡ್ಡ ಬಾಣಲೆಯಲ್ಲಿ ಚಿತ್ರಾನ್ನ ಕಲಸುತ್ತಿದ್ದರು. ಒಗ್ಗರಣೆಯ ಸಾಸಿವೆ ಸಿಡಿಯುವ ಸದ್ದಿಗೆ ಗೇಟಿನೊಳಗಿನ ಕಾವಲುಗಾರರೂ ತಿರುಗಿ ನೋಡುವರು. ನಾವು ಶಾಮಿಯಾನದ ಹಿಂದೆ ಕುಂಟೆಬಿಲ್ಲೆ ಗೀಚಿ ಆಡುತ್ತಿದ್ದೆವು. ಮುಷ್ಕರ ಎಂದರೆ ಅಪ್ಪಂದಿರಿಗೆ ರಜೆ ಎಂದೇ ನಾವು ತಿಳಿದಿದ್ದು.

ಜುಲೈನಲ್ಲಿ ಅಮ್ಮನ ಅಪ್ಪ, ನನ್ನ ಅಜ್ಜ, ಧಾರವಾಡದ ಹತ್ತಿರದ ಹಳ್ಳಿಯಿಂದ ಕಣ್ಣಿನ ಪೊರೆಯ ಆಪರೇಷನ್ನಿಗೆ ಬಂದರು. ಹದಿನೆಂಟು ವರ್ಷದ ಹುಡುಗನಾಗಿದ್ದಾಗ ಅವರು ಬ್ರಿಟಿಷರ ಅಂಚೆ ಡಬ್ಬಿಗೆ ಬೆಂಕಿಯಿಟ್ಟು ಬೆಳಗಾವಿಯಲ್ಲಿ ಜೈಲು ಕಂಡವರು. ಖಾದಿ ಬಿಟ್ಟು ಬೇರೆ ಉಟ್ಟಿದ್ದನ್ನು ನಾನು ನೋಡಿಲ್ಲ. ಎಡಗಣ್ಣಿನ ಆಪರೇಷನ್ ಆಯಿತು. ಡಾಕ್ಟರು ಹಸಿರು ಬಟ್ಟೆ ಕಟ್ಟಿ, ಆಮೇಲೆ ಕಪ್ಪು ಕನ್ನಡಕ ಕೊಟ್ಟು, ಎರಡು ತಿಂಗಳು ಬಿಸಿಲು ಧೂಳು ತಾಗಬಾರದು ಎಂದರು. ಹಾಗಾಗಿ ಅಜ್ಜ ಮನೆಯಲ್ಲೇ ಇದ್ದರು. ಅಪ್ಪನೂ ಮೊದಲಿಗಿಂತ ಹೆಚ್ಚು ಹೊತ್ತು ಮನೆಯಲ್ಲಿರುತ್ತಿದ್ದರು. ಎರಡು ಕೋಣೆಯ ಮನೆಯಲ್ಲಿ ಖಾದಿಯೂ ಕೆಂಪೂ ಎದುರುಬದುರು ಕುಳಿತವು.

ಶಾಲೆಯ ವಸ್ತುಪ್ರದರ್ಶನಕ್ಕೆ ನನಗೆ ಏಷ್ಯಾದ ಭೂಪಟ ಬರೆಯುವ ಕೆಲಸ ಕೊಟ್ಟಿದ್ದರು. ರಾಷ್ಟ್ರೀಯ ಚಳವಳಿಯಿಂದ ಎದ್ದ ದೇಶಗಳಿಗೆ ಹಸಿರು, ಕಮ್ಯುನಿಸ್ಟ್ ಕ್ರಾಂತಿಯಿಂದ ಎದ್ದ ದೇಶಗಳಿಗೆ ಕೆಂಪು. ಭಾರತಕ್ಕೆ ಹಸಿರು ಹಚ್ಚಿದೆ, ಚೀನಾಕ್ಕೆ ಕೆಂಪು. ವಿಯೆಟ್ನಾಂ ಹತ್ತಿರ ಪೆನ್ಸಿಲು ನಿಂತಿತು.

“ಕೆಂಪು ಹಚ್ಚು,” ಅಂದರು ಅಪ್ಪ.

“ಹಸಿರು ಹಚ್ಚವಾ,” ಅಂದರು ಅಜ್ಜ, ಗೋಡೆಗೆ ಒರಗಿಕೊಂಡೇ.

“ಮಾವ, ಅಲ್ಲಿ ಗೆದ್ದಿದ್ದು ಯಾರು? ಉಳೋನಿಗೆ ಭೂಮಿ ಕೊಡ್ತೀವಿ ಅಂದಿದ್ದಕ್ಕೆ ತಾನೆ ರೈತ ಬಂದೂಕು ಹಿಡಿದಿದ್ದು?”

“ಭೂಮಿ ಕೊಡ್ತೀವಿ ಅಂತ ಎಲ್ಲಾರೂ ಹೇಳ್ತಾರ, ಶಿವಣ್ಣಾರ. ಫ್ರೆಂಚರು ಹೋದರು, ಅಮೆರಿಕಾದವರು ಬಂದರು. ಮಂದಿ ಎದ್ದು ನಿಂತಿದ್ದು ನಮ್ಮ ಮಣ್ಣು ನಮಗ ಬೇಕು ಅಂತ. ಅದಕ್ಕ ದೇಶಾಭಿಮಾನ ಅಂತಾರ.”

“ಬರೀ ದೇಶಾಭಿಮಾನದಿಂದ ಹೊಟ್ಟೆ ತುಂಬಿದ್ರೆ ನಮ್ಮ ದೇಶದಲ್ಲಿ ಈ ಹೊತ್ತಿಗೆ ಎಲ್ಲರಿಗೂ ಅಜೀರ್ಣ ಆಗಿರ್ಬೇಕಿತ್ತು.”

ಅಜ್ಜ ನಕ್ಕರು. ನಕ್ಕು, “ಚೀನಾದಾಗ ಚೌಕದೊಳಗ ಕುಂತ ಹುಡುಗರ ಮ್ಯಾಲ ಟ್ಯಾಂಕ್ ಬಿಟ್ಟರಲ್ಲ, ಅದಕ್ಕೇನಂತೀರಿ? ಅವರಿಗೂ ಅಜೀರ್ಣ ಆಗಿತ್ತೇನು?” ಅಂದರು.

ಅಪ್ಪ ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ, “ಇಂಡೋನೇಷ್ಯಾದಲ್ಲಿ ಕೆಂಪಿನವರನ್ನ ಊರೂರಿಗೆ ಹುಡುಕಿ ಕೊಂದ್ರಲ್ಲ ಮಾವ. ಕೊಂದೋರು ದೇಶ ಉಳಿಸ್ತಾ ಇದೀವಿ ಅಂತಾನೇ ಹೇಳಿದ್ದು,” ಅಂದರು. ಈ ಸಲ ಅಜ್ಜ ಸುಮ್ಮನಾದರು.

ಅವರ ಜಗಳ ಹೀಗೆಯೇ. ಇಬ್ಬರಿಗೂ ಮಾತು ನಿಲ್ಲುವ ಒಂದೊಂದು ಜಾಗ ಇತ್ತು. ಎದುರಿನವರು ಅಲ್ಲಿಗೆ ಬಂದಾಗ ಸುಳ್ಳು ಹೇಳದೆ ಸುಮ್ಮನಾಗುತ್ತಿದ್ದರು. ಮರುದಿನ ಮತ್ತೆ ಶುರು. ಬರ್ಮಾ, ಕೊರಿಯಾ, ಮಂಗೋಲಿಯಾ. ಒಬ್ಬರೂ ಆ ದೇಶಗಳನ್ನು ನೋಡಿದವರಲ್ಲ. ಅಪ್ಪ ಮದ್ರಾಸು ದಾಟಿರಲಿಲ್ಲ, ಅಜ್ಜ ಒಮ್ಮೆ ಪುಣೆಗೆ ಹೋಗಿದ್ದರು ಅಷ್ಟೇ. ಆದರೂ ಪಕ್ಕದ ಬೀದಿಯ ನೆಂಟರ ಸಂಸಾರದ ತಾಪತ್ರಯದಂತೆ ಮಾತಾಡುತ್ತಿದ್ದರು. ಕೊನೆಗೆ ನಾನು ವಿಯೆಟ್ನಾಮಿಗೆ ಒಂದು ಗೆರೆ ಕೆಂಪು ಒಂದು ಗೆರೆ ಹಸಿರು ಹಚ್ಚಿದೆ. ಇಬ್ಬರೂ ನೋಡಿ, ಇಬ್ಬರೂ ಒಪ್ಪಲಿಲ್ಲ.

ಆಗಸ್ಟ್ ಬಂತು. ಮುಷ್ಕರಕ್ಕೆ ಎರಡು ತಿಂಗಳಾಗಿತ್ತು. ಶಾಮಿಯಾನದಲ್ಲಿ ಜನ ಕಡಿಮೆಯಾಗಿದ್ದರು. ಹದಿನಾಲ್ಕನೇ ತಾರೀಖು ಗೇಟಿಗೆ ಒಂದು ನೋಟೀಸು ಬಿತ್ತು. ನಾಳೆ ಸ್ವಾತಂತ್ರ್ಯ ದಿನಾಚರಣೆ, ರಾಷ್ಟ್ರಧ್ವಜಕ್ಕೆ ಗೌರವ ಸಲ್ಲಿಸಲು ಬರುವ ಎಲ್ಲ ನೌಕರರಿಗೂ ಸ್ವಾಗತ, ಗೇಟಿನಲ್ಲಿ ಪುಸ್ತಕಕ್ಕೆ ಸಹಿ ಮಾಡಿ ಒಳಗೆ ಬರತಕ್ಕದ್ದು. ಪುಸ್ತಕದ ಮೇಲ್ಭಾಗದಲ್ಲಿ ಸಣ್ಣ ಅಕ್ಷರದಲ್ಲಿ, ಇನ್ನು ಮುಂದೆ ಮುಷ್ಕರದಲ್ಲಿ ಭಾಗವಹಿಸುವುದಿಲ್ಲ ಎಂದು ಬರೆದಿದೆಯಂತೆ. ಸುದ್ದಿ ತಂದವರು ಅಪ್ಪನ ಗೆಳೆಯ ಮುನಿರಾಜು.

“ನೋಡಿ ಶಿವಣ್ಣ, ಹೋದ್ರೆ ಮುಷ್ಕರ ಮುರಿದಂಗೆ. ಹೋಗ್ದೇ ಇದ್ರೆ ಬಾವುಟಕ್ಕೆ ಬೆನ್ನು ಹಾಕಿದ್ರು ಅಂತ ಪೇಪರಲ್ಲಿ ಹಾಕಿಸ್ತಾರೆ. ಎಂಥಾ ತಲೆ ನೋಡಿ ಅವ್ರದ್ದು.”

ಅಜ್ಜ ಕೇಳಿಸಿಕೊಂಡರು. “ನೀವೂ ಹೊರಗೊಂದು ಹಾರಸ್ರಿ,” ಅಂದರು. “ಧ್ವಜ ಅವರಪ್ಪನ ಮನೀದೇನು?”

ಅಪ್ಪ ಆಗದು ಎಂದು ತಲೆಯಾಡಿಸಿದರು. “ಇರೋದು ಒಂದು ಕಂಬ ಮಾವ. ಕೆಂಬಾವುಟ ಇಳಿಸಿದ್ರೆ ಮುಷ್ಕರ ಮುಗೀತು ಅಂತಲೇ ಅರ್ಥ.”

“ಇಳಸಂತ ನಾ ಎಲ್ಲಿ ಅಂದೆ? ಇನ್ನೊಂದು ಕಂಬಾ ನಡ್ರಿ. ರಾಷ್ಟ್ರಧ್ವಜ ಬಲಕ್ಕಿರಬೇಕು, ಒಂದು ಗೇಣು ಎತ್ತರ ಇರಬೇಕು. ಅಷ್ಟ.”

“ಎತ್ತರ ಯಾಕಿರ್ಬೇಕು?”

“ಕಾಯ್ದೆ ಅದು.”

“ನೀವು ಜೈಲಿಗೆ ಹೋಗಿದ್ದು ಕಾಯ್ದೆ ಮುರಿದು ತಾನೆ?”

ಮುನಿರಾಜು ಮಾಮ ಇಬ್ಬರ ಮುಖವನ್ನೂ ನೋಡಿ, ಕಾಫಿ ಲೋಟ ಕೆಳಗಿಟ್ಟು ಹೊರಟುಹೋದರು. ಆವತ್ತು ಯಾರೂ ನಗಲಿಲ್ಲ.

ಬೆಳಗ್ಗೆ ಅಪ್ಪ ಬೇಗ ಹೋದರು. ಶಾಲೆಯಲ್ಲಿ ಧ್ವಜಾರೋಹಣ ಮುಗಿಸಿ, ಪೆಪ್ಪರಮಿಂಟು ತಿನ್ನುತ್ತ ನಾನು ಮನೆಗೆ ಬಂದಾಗ ಅಜ್ಜ ಒಗೆದ ಪಂಚೆ ಉಟ್ಟು, ಟೋಪಿ ಹಾಕಿಕೊಂಡು, ಕಂಕುಳಲ್ಲಿ ಪೇಪರಿನ ಪೊಟ್ಟಣ ಇಟ್ಟುಕೊಂಡು ನಿಂತಿದ್ದರು. ಅಮ್ಮ ಮಾರ್ಕೆಟ್ಟಿಗೆ ಹೋಗಿದ್ದರು.

“ಸುಮಾ, ನಿಮ್ಮಪ್ಪನ ಕಾರ್ಖಾನಿಗೆ ಯಾವ ಬಸ್ಸವಾ?”

“ಡಾಕ್ಟರು ಬಿಸಿಲಿಗೆ ಹೋಗಬಾರದು ಅಂದಿದಾರಲ್ಲ ಅಜ್ಜ.”

“ಮಾಡ ಮುಚ್ಚೇತಿ. ಎಲ್ಲೈತಿ ಬಿಸಲು?”

ಮೋಡ ಇದ್ದದ್ದು ನಿಜ. ನಾನು ಕರೆದುಕೊಂಡು ಹೋದೆ.

ಗೇಟಿನ ಪಕ್ಕ ಮೇಜು ಹಾಕಿ, ಪುಸ್ತಕ ತೆರೆದಿಟ್ಟುಕೊಂಡು ಗುಮಾಸ್ತ ಕುಳಿತಿದ್ದ. ಒಳಗೆ ಮೈಕಿನಲ್ಲಿ ದೇಶಭಕ್ತಿಯ ಹಾಡು. ಲಾಡುವಿನ ತಟ್ಟೆಗಳಿಗೆ ಬಿಳಿ ಬಟ್ಟೆ ಮುಚ್ಚಿದ್ದು ಕಾಣುತ್ತಿತ್ತು. ರಸ್ತೆಯ ಆಚೆ ಬದಿಯಲ್ಲಿ ಮೂವತ್ತು ನಲವತ್ತು ಜನ ಕಾರ್ಮಿಕರು, ಒಗೆದ ಬಟ್ಟೆ ಹಾಕಿಕೊಂಡವರು, ಗೇಟನ್ನೂ ನೋಡುತ್ತ ಶಾಮಿಯಾನವನ್ನೂ ನೋಡುತ್ತ ನಿಂತಿದ್ದರು. ಯಾವ ಕಡೆಗೂ ಕಾಲು ಎತ್ತಿರಲಿಲ್ಲ. ಅಪ್ಪ ಕೆಂಬಾವುಟದ ಕಂಬದ ಬುಡದಲ್ಲಿದ್ದರು.

ಅಜ್ಜ ಪೊಟ್ಟಣ ಬಿಚ್ಚಿದರು. ಕೈಯಲ್ಲಿ ನೇಯ್ದ ಖಾದಿಯ ತ್ರಿವರ್ಣ, ಬಿಳಿ ಭಾಗ ಹಳದಿಗೆ ತಿರುಗಿತ್ತು. ಅದನ್ನು ಕಟ್ಟಲು ಅವರು ಅತ್ತ ಇತ್ತ ನೋಡಿದರು. “ಒಂದು ಗಳಾ ಸಿಗತೈತೇನು ನೋಡವಾ,” ಅಂದರು.

ಶಾಮಿಯಾನದ ಹಿಂದೆ ಬಿದಿರಿನ ಗಳಗಳು ಬಿದ್ದಿರುತ್ತವೆ ಎಂದು ನನಗೆ ಗೊತ್ತಿತ್ತು, ನಾವು ಅಲ್ಲೇ ಆಡುತ್ತಿದ್ದುದು. ನಾನು ಓಡಿಹೋಗಿ ಒಂದನ್ನು ಎಳೆದೆ. ಎಳೆದು ತಿರುಗಿದಾಗ ಅಪ್ಪ ನನ್ನನ್ನು ನೋಡುತ್ತಿದ್ದರು. ಬೇಡ ಅನ್ನಲಿಲ್ಲ. ಸಿಟ್ಟೂ ಕಾಣಲಿಲ್ಲ. ಸುಮ್ಮನೆ ನೋಡಿದರು. ನಾನು ಒಂದು ಕ್ಷಣ ನಿಂತೆ, ಆಮೇಲೆ ಗಳವನ್ನು ಅಜ್ಜನಿಗೆ ಒಯ್ದು ಕೊಟ್ಟೆ.

ಅಜ್ಜ ಬಾವುಟ ಕಟ್ಟಿದ ಗಳವನ್ನು ಎದೆಗೆ ಆನಿಸಿ ಹಿಡಿದು, ಶಾಮಿಯಾನಕ್ಕೆ ಬಲಗಡೆ, ಗೇಟಿಗೆ ಮುಖಮಾಡಿ ನಿಂತರು. ಮಾತಿಲ್ಲ, ಘೋಷಣೆಯಿಲ್ಲ. ಕಪ್ಪು ಕನ್ನಡಕದ ಮುದುಕ ಒಬ್ಬ ಬಾವುಟ ಹಿಡಿದು ನಿಂತಿದ್ದಾನೆ, ಅಷ್ಟೇ. ಆಚೆ ಬದಿಯ ಗುಂಪಿನಿಂದ ಮುನಿರಾಜು ಮಾಮ ರಸ್ತೆ ದಾಟಿ ಬಂದರು. ಅವರೂ ಒಗೆದ ಅಂಗಿ ಹಾಕಿದ್ದರು ಎನ್ನುವುದನ್ನು ನಾನು ಗಮನಿಸಿದ್ದು ಆಗಲೇ. ಅಜ್ಜನ ಮುಂದೆ ನಿಂತು ಬಾವುಟಕ್ಕೆ ಸೆಲ್ಯೂಟ್ ಮಾಡಿದರು. ಗೇಟಿನ ಕಡೆ ನೋಡಲಿಲ್ಲ, ಬಂದು ಶಾಮಿಯಾನದಲ್ಲಿ ಕುಳಿತರು. ಅವರ ಹಿಂದೆ ಇನ್ನೊಬ್ಬರು. ಮತ್ತೆ ಮೂವರು. ಏಳೆಂಟು ಜನ ಮಾತ್ರ ತಲೆ ತಗ್ಗಿಸಿ ಮೇಜಿನ ಕಡೆ ಹೋದರು.

ಒಳಗಿನಿಂದ ಟೈ ಕಟ್ಟಿದ ಆಫೀಸರೊಬ್ಬರು ಬಂದರು. ಅಜ್ಜನಿಗೆ ಕೈ ಮುಗಿದು, “ಯಜಮಾನ್ರೇ, ಸ್ವಾತಂತ್ರ್ಯ ಹೋರಾಟಗಾರರು ಅಂತ ಗೊತ್ತಾಯ್ತು. ಇಲ್ಲಿ ಧೂಳಲ್ಲಿ ಯಾಕೆ? ಒಳಗ್ ಬನ್ನಿ ಸಾರ್, ವೇದಿಕೆ ಮೇಲೆ ಕುರ್ಚಿ ಹಾಕಿಸ್ತೀನಿ,” ಅಂದರು.

“ಪುಸ್ತಕಕ್ಕ ಸಹಿ ಮಾಡಬೇಕೇನ್ರಿ?”

“ಅಯ್ಯೋ, ನೀವ್ಯಾಕೆ ಸಾರ್ ಸಹಿ ಮಾಡ್ಬೇಕು?”

“ಹಂಗಾದ್ರ ಇವರ್ಯಾಕ ಮಾಡಬೇಕ್ರಿ?”

ಶಾಮಿಯಾನದಲ್ಲಿ ಚಪ್ಪಾಳೆ ಬಿತ್ತು. ಬಹಳ ಹೊತ್ತಾದರೂ ಆ ಚಪ್ಪಾಳೆ ನಿಲ್ಲಲಿಲ್ಲ. ನಾನು ಅಪ್ಪನ ಕಡೆ ನೋಡಿದೆ. ಅವರು ಎರಡೇ ಸಲ ಕೈ ತಟ್ಟಿ ನಿಲ್ಲಿಸಿದ್ದರು. ಹತ್ತು ಹೆಜ್ಜೆಯ ದೂರ. ಕಂಬದ ಬುಡ ಬಿಟ್ಟು ಬರಲಿಲ್ಲ.

ಹನ್ನೊಂದರ ಹೊತ್ತಿಗೆ ಮೋಡ ಹರಿಯಿತು. ಬಿಸಿಲು ಚುರುಗುಟ್ಟಿತು. ಲಾರಿಗಳು ಒಂದರ ಹಿಂದೆ ಒಂದು ಧೂಳೆಬ್ಬಿಸಿ ಹೋಗುತ್ತಿದ್ದವು. ಅಜ್ಜ ಕನ್ನಡಕ ತೆಗೆದು ಪಂಚೆಯ ತುದಿಯಿಂದ ಕಣ್ಣು ಒರೆಸಿಕೊಂಡರು. ಮತ್ತೊಮ್ಮೆ ಒರೆಸಿಕೊಂಡರು. ಕುಳಿತುಕೊಳ್ಳಿ ಎಂದು ಎಷ್ಟು ಜನ ಹೇಳಿದರೂ ಕೇಳಲಿಲ್ಲ. ಹನ್ನೆರಡಕ್ಕೆ ಅಮ್ಮ ಹುಡುಕಿಕೊಂಡು ಬಂದರು.

“ಯಪ್ಪಾ, ಸಾಕಿನ್ನ. ಕಣ್ಣು ನೋಡ್ಕೊಂಡೀಯೇನು? ನಡಿ ಮನಿಗೆ.”

“ಹೊತ್ತು ಮುಳುಗೂತನಾ ಇಳಸಬಾರದವಾ. ಯಾರರ ಹಿಡಕೊಂಡ್ರ ಬರ್ತೀನಿ.”

ಹಾಗೆ ಹೇಳಿ ಅಜ್ಜ ಅಪ್ಪನ ಕಡೆ ತಿರುಗಿ ನೋಡಿದರು. ಅಪ್ಪ ಯಾರೊಂದಿಗೋ ಮಾತಾಡುತ್ತಿದ್ದರು, ಬೆನ್ನು ನಮ್ಮ ಕಡೆಗಿತ್ತು. ಅಜ್ಜ ಕಾದರು. ಎಷ್ಟು ಹೊತ್ತು ಎಂದು ಹೇಳಲಾರೆ, ಒಂದು ಲಾರಿ ಬಂದು ಹೋಗುವಷ್ಟು. ಆಮೇಲೆ ಮುನಿರಾಜು ಮಾಮ ಎದ್ದುಬಂದು, “ಕೊಡಿ ತಾತ, ನಾನ್ ಹಿಡ್ಕೋತೀನಿ,” ಎಂದು ಗಳ ತೆಗೆದುಕೊಂಡರು.

ಅಪ್ಪನಿಗೆ ಕೇಳಿಸಿತ್ತೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ.

ಮೂರು ದಿನಕ್ಕೆ ಅಜ್ಜನ ಎಡಗಣ್ಣು ಕೆಂಪಾಯಿತು, ಐದನೇ ದಿನ ಕೀವು. ಆಸ್ಪತ್ರೆಗೆ ಸೇರಿಸಿದರು. ಅದೇ ವಾರ ಶಾಮಿಯಾನದ ರೇಡಿಯೋದಲ್ಲಿ ಮಾಸ್ಕೋದ ಬೀದಿಗಳಿಗೆ ಟ್ಯಾಂಕುಗಳು ಬಂದ ಸುದ್ದಿ. ಆಮೇಲೆ ಟ್ಯಾಂಕುಗಳು ಹಿಂದೆ ಹೋದವು, ಅವುಗಳ ಜೊತೆ ಅಲ್ಲಿನ ಕಮ್ಯುನಿಸ್ಟ್ ಪಕ್ಷವೂ ಹೋಯಿತು. ವರ್ಷ ಮುಗಿಯುವುದರೊಳಗೆ ಆ ದೇಶವೇ ಇರಲಿಲ್ಲ. ನನ್ನ ಭೂಪಟದ ಮೇಲ್ಭಾಗದಲ್ಲಿ ಒಂದೇ ಕೆಂಪು ಹಚ್ಚಿದ್ದ ಕಡೆ ಹೆಸರೇ ಕೇಳದ ಐದು ಹೊಸ ದೇಶಗಳು ಎದ್ದವು. ಅಪ್ಪ ರೇಡಿಯೋಗೆ ಕಿವಿಗೊಟ್ಟು ಕುಳಿತಿದ್ದನ್ನು ನೋಡಿದ್ದೇನೆ. ಮುಖದಲ್ಲಿ ದುಃಖ ಇರಲಿಲ್ಲ. ಕ್ರಿಕೆಟ್ಟಿನ ಸ್ಕೋರು ಕೇಳಿದ ಹಾಗೆ ಕೇಳಿದರು.

ಅಜ್ಜನ ಕಣ್ಣು ಉಳಿಯಲಿಲ್ಲ. ಆ ದಿನದ ಧೂಳಿನಿಂದಲೇ ಆಯಿತೇ ಎಂದರೆ ಡಾಕ್ಟರು ಹಾಗೆ ಖಚಿತವಾಗಿ ಹೇಳಲಾಗದು ಎಂದರು. ಅಮ್ಮನಿಗೆ ಖಚಿತವಿತ್ತು. ಆಸ್ಪತ್ರೆಯಿಂದ ಬಂದ ಸಂಜೆ, ಅಕ್ಕಿ ಆರಿಸುತ್ತ, ತಲೆ ಎತ್ತದೆ ಅಪ್ಪನಿಗೆ ಒಂದೇ ಮಾತು ಹೇಳಿದರು: “ಒಂದು ಕಂಬಾ ನಟ್ಟಿದ್ರ ನಿಮ್ಮ ಗಂಟೇನು ಹೋಗ್ತಿತ್ತು?”

ನಾನು ಒಳಗಿನ ಕೋಣೆಯಲ್ಲಿ ಕುಳಿತು ಗಣಿತ ಮಾಡುತ್ತಿದ್ದೆ. ಗಳ ತಂದುಕೊಟ್ಟವಳು ನಾನು ಎನ್ನುವುದು ಅಮ್ಮನಿಗೆ ಗೊತ್ತಿರಲಿಲ್ಲ. ಅಪ್ಪನಿಗೆ ಗೊತ್ತಿತ್ತು, ಅವರು ಹೇಳಲಿಲ್ಲ. ಆವತ್ತೂ ಹೇಳಲಿಲ್ಲ, ಆಮೇಲೂ ಇಲ್ಲ. ನನಗೆ ಅಳು ಬರಬೇಕಿತ್ತು ಅನ್ನಿಸುತ್ತದೆ. ಬರಲಿಲ್ಲ. ಲೆಕ್ಕ ಮುಗಿಸಿ ಪುಸ್ತಕ ಮುಚ್ಚಿ ಹೊರಗೆ ಬಂದು ಊಟಕ್ಕೆ ಕುಳಿತೆ.

ಸೆಪ್ಟೆಂಬರಿನಲ್ಲಿ ಮುಷ್ಕರ ಮುಗಿಯಿತು. ಒಬ್ಬೊಬ್ಬರೇ ಹೋಗಿ ಸಹಿ ಮಾಡಿದರು, ಮುನಿರಾಜು ಮಾಮನೂ ಮಾಡಿದರು. ಅವರು ಮನೆಗೆ ಬಂದು ಬಾಗಿಲಲ್ಲೇ ನಿಂತು, “ಎರಡು ಹೆಣ್ಣುಮಕ್ಕಳು ಶಿವಣ್ಣ,” ಅಂದರು. ಅಪ್ಪ, “ಒಳಗ್ ಬನ್ನಿ, ಕಾಫಿ ಕುಡೀರಿ,” ಅಂದರು. ಅಪ್ಪನಿಗೆ ಸಹಿ ಮಾಡುವ ಪ್ರಸಂಗವೇ ಬರಲಿಲ್ಲ. ವಾಪಸ್ ತೆಗೆದುಕೊಳ್ಳುವವರ ಪಟ್ಟಿಯಲ್ಲಿ ಅವರ ಹೆಸರು ಇರಲಿಲ್ಲ. ಶಾಮಿಯಾನದವನು ಬಂದು ಬಟ್ಟೆ ಬಿಚ್ಚಿಕೊಂಡು ಹೋದ. ಸಿಮೆಂಟು ತುಂಬಿದ ಡ್ರಮ್ಮನ್ನು ಮಾತ್ರ ಯಾರಿಗೂ ಎತ್ತಲಾಗದೆ ಅಲ್ಲೇ ಬಿಟ್ಟರಂತೆ.

ಒಂದು ವರ್ಷದ ನಂತರ ಅಪ್ಪ ಕಾಮಾಕ್ಷಿಪಾಳ್ಯದ ಒಂದು ಸಣ್ಣ ವರ್ಕ್‌ಶಾಪಿಗೆ ಸೇರಿದರು. ಎಣ್ಣೆಯ ವಾಸನೆ ಮತ್ತೆ ಬಂತು. ಆದರೆ ಮನೆಯಲ್ಲಿ ರಾಜಕೀಯದ ಮಾತು ಮತ್ತೆ ಬರಲಿಲ್ಲ. ಅಜ್ಜ ವರ್ಷಕ್ಕೊಮ್ಮೆ ಬರುತ್ತಿದ್ದರು. ಒಂದು ಕಣ್ಣಿನಲ್ಲೇ ಪೇಪರು ಓದಿ, ಅಪ್ಪ ಬರುವುದನ್ನೇ ಕಾಯುತ್ತಿದ್ದರು. ಅಪ್ಪ ಕೈಕಾಲು ತೊಳೆದು ಬಂದು ಕುಳಿತರೆ ಶುರುಮಾಡುತ್ತಿದ್ದರು. ಅಪ್ಪ ಎಲ್ಲದಕ್ಕೂ, “ಹೌದು ಮಾವ, ನೀವು ಹೇಳೋದೇ ಸರಿ,” ಅನ್ನುತ್ತಿದ್ದರು. ವ್ಯಂಗ್ಯವೇನೂ ಇಲ್ಲ, ನಿಜಕ್ಕೂ ಒಪ್ಪಿದಂತೆಯೇ.

ಒಂದು ಸಲ ಅಜ್ಜ ಬೇಕೆಂದೇ ಅಡ್ಡಡ್ಡ ಮಾತಾಡಿದರು. “ಚೀನಾದಾಗ ರೈತರು ಏನೂ ಮಾಡ್ಲಿಲ್ಲ ಬಿಡ್ರಿ. ಜಪಾನಿನವರು ಸೋತು ಹೋದರು, ಕೆಂಪಿನವರು ಖಾಲಿ ಕುರ್ಚಿ ಮ್ಯಾಲ ಕುಂತರು. ಅಷ್ಟ ಕ್ರಾಂತಿ.” ಅದು ಸುಳ್ಳು ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು, ಹಿಂದಿನ ಅಪ್ಪನಾದರೆ ಎದ್ದು ನಿಲ್ಲುತ್ತಿದ್ದರು.

“ಇರಬಹುದು ಮಾವ,” ಅಂದರು ಅಪ್ಪ. ಎದ್ದು ಹೋಗಿ ನೀರಿನ ಮೋಟರು ಹಾಕಿದರು.

ಅಜ್ಜ ನನ್ನ ಕಡೆ ತಿರುಗಿದರು. “ಕಣ್ಣು ಹೋತು ಅಂತ ನನಗ ಬ್ಯಾಸರಿಲ್ಲವಾ,” ಅಂದರು. ಮುಂದೆ ಏನೋ ಹೇಳುವವರಿದ್ದರು. ಮೋಟರಿನ ಸದ್ದಿನಲ್ಲಿ ಹೇಳಲಿಲ್ಲ.

ನಾನು ಬಿ.ಎಡ್. ಓದುತ್ತಿದ್ದಾಗ ಅಜ್ಜ ಹೋದರು. ಹಳ್ಳಿಯ ಶಾಲೆಯ ಅಂಗಳದಲ್ಲಿ ಸಂತಾಪಸಭೆ ಇಟ್ಟಿದ್ದರು. ಊರಿನ ಹಿರಿಯರು ಒಬ್ಬೊಬ್ಬರಾಗಿ ಅಜ್ಜನ ಜೈಲುವಾಸದ ಬಗ್ಗೆ, ಖಾದಿಯ ಬಗ್ಗೆ ಹೇಳಿದರು. ಕೊನೆಗೆ ಅಳಿಯಂದಿರು ಎರಡು ಮಾತಾಡಲಿ ಎಂದು ಕರೆದರು. ಕೆಂಬಾವುಟದ ಸಭೆಗಳಲ್ಲಿ ಗಂಟೆಗಟ್ಟಲೆ ಮಾತಾಡಿದ್ದ ಅಪ್ಪ ಎದ್ದು ನಿಂತರು. ಮೈಕು ಹಿಡಿದರು. ಜನ ಅಲುಗಾಡತೊಡಗಿದರು.

“ಮಾವನ ಜೊತೆ ನಂದೊಂದು ಜಗಳ ಬಾಕಿ ಇತ್ತು,” ಅಂದರು. ಬಂದು ಕುಳಿತರು.

ಈಗ ಅಪ್ಪ ನನ್ನ ಜೊತೆಯೇ ಚಂದ್ರಾ ಲೇಔಟಿನಲ್ಲಿದ್ದಾರೆ. ಬೆಳಗ್ಗೆ ಪಾರ್ಕಿಗೆ ಹೋಗಿ ಬರುತ್ತಾರೆ, ಬರುವಾಗ ಕೊತ್ತಂಬರಿ ಸೊಪ್ಪು ತರುತ್ತಾರೆ. ಕಾರ್ಖಾನೆ ಇದ್ದ ಕಡೆ ಅಪಾರ್ಟ್‌ಮೆಂಟು ಎದ್ದಿದೆ, ಆ ಬಗ್ಗೆ ಹೇಳಲು ನನಗೇನೂ ಇಲ್ಲ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಏಷ್ಯಾದ ರಾಷ್ಟ್ರೀಯತೆ, ಚೀನಾದ ಕ್ರಾಂತಿ, ವಿಯೆಟ್ನಾಂ, ಇಂಡೋನೇಷ್ಯಾ ಎಲ್ಲವನ್ನೂ ಎರಡು ಪಿರಿಯಡ್ಡಿನಲ್ಲಿ ಮುಗಿಸುತ್ತೇನೆ. ಕಾರಣಗಳು ಆರು, ಪರಿಣಾಮಗಳು ಐದು. ಮಕ್ಕಳು ಅಂದವಾಗಿ ಬರೆಯುತ್ತಾರೆ.

ಹೋದ ತಿಂಗಳು ಅತ್ತಿಗುಪ್ಪೆಯಿಂದ ಬರುವ ಹುಡುಗಿಯೊಬ್ಬಳು, ಸಾಮಾನ್ಯವಾಗಿ ಮಾತೇ ಆಡದವಳು, ಪಾಠದ ನಡುವೆ ಎದ್ದು ನಿಂತಳು. “ಮಿಸ್, ರಾಷ್ಟ್ರೀಯವಾದಿಗಳು, ಕಮ್ಯುನಿಸ್ಟರು, ಇವ್ರಿಬ್ರಲ್ಲಿ ಯಾರು ಸರಿ? ನಿಮಗೆ ಏನನ್ಸುತ್ತೆ ಮಿಸ್?”

ಅವಳು ನಿಜಕ್ಕೂ ಕೇಳುತ್ತಿದ್ದಳು. ನನ್ನೊಳಗೆ ಏನಾದರೂ ಏಳುತ್ತದೆಯೇ ಎಂದು ನಾನೂ ಕಾದೆ. ಏನೂ ಏಳಲಿಲ್ಲ.

“ಅದು ಪರೀಕ್ಷೆಗೆ ಬರಲ್ಲ ಕಣಮ್ಮ,” ಅಂದೆ. “ಕೂತ್ಕೋ. ಮುಂದಿನ ಪುಟ ತೆಗೀರಿ ಎಲ್ಲಾರೂ.”

ಅವಳು ಕುಳಿತಳು, ಪುಟ ತಿರುಗಿಸಿದಳು. ಮುಷ್ಕರದ ವರ್ಷದ ಅಪ್ಪನೋ ಅಜ್ಜನೋ, ಇಬ್ಬರಲ್ಲಿ ಒಬ್ಬರು ಆ ತರಗತಿಯಲ್ಲಿದ್ದಿದ್ದರೂ ನನ್ನನ್ನು ಅಷ್ಟಕ್ಕೆ ಬಿಡುತ್ತಿರಲಿಲ್ಲ.